ಮುಂದಿನ ಪಾಳಿಯವನು ಬರುವವರೆಗೆ

ಆಮ್ಲಜನಕದ ಸಿಲಿಂಡರ್ ಇಟ್ಟ ಪುಟ್ಟ ಕೈಗಾಡಿಯನ್ನು ಎಳೆದುಕೊಂಡು ಮರ್ವ್ ಜಿಮ್ಮಿನೊಳಗೆ ಬಂದಾಗ ಡೌವೆ ಸೈಕಲ್ಲುಗಳ ತಂತಿ ಬಿಚ್ಚುತ್ತಿದ್ದ. ಜಿಮ್ಮು ಮುಚ್ಚುತ್ತಿತ್ತು, ಸೈಕಲ್ಲುಗಳನ್ನು ಒಯ್ಯಲು ಮಧ್ಯಾಹ್ನ ಲಾರಿ ಬರುವುದಿತ್ತು. ಹನ್ನೆರಡರಲ್ಲಿ ಹತ್ತು ಸೈಕಲ್ಲು ಆಗಲೇ ಗೋಡೆಗೊರಗಿದ್ದವು. ಆರನೆಯದು, ಏಳನೆಯದು ಬಾಕಿ.

"ಆರನೇದು ಬಿಚ್ಬೇಡ್ವೋ, ಅದು ನಂದು," ಎಂದ ಮರ್ವ್.

"ನಿಂದಾ? ನಾಲ್ಕು ತಿಂಗಳಲ್ಲಿ ಒಂದ್ ದಿನಾನಾದ್ರೂ ಹತ್ತಿದ್ದೀಯೇನೋ ಸೋಮಾರಿ?" ಎಂದುಬಿಟ್ಟ ಡೌವೆ, ಸಿಲಿಂಡರ್ ಕಡೆ ನೋಡಿ ನಾಲಿಗೆ ಕಚ್ಚಿಕೊಂಡ.

ಮೊರ್ವೆಲ್ ಊರಿಗೆ ಊರೇ ನಕ್ಕಿದ್ದ ವ್ಯಾಪಾರ ಈ ಜಿಮ್ಮು. ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಮುಚ್ಚಿದ ಮೇಲೆ, ಅಲ್ಲಿ ಕೆಲಸಕ್ಕಿದ್ದ ಡೌವೆ ತನಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು, ಕರೆಂಟು ಹುಟ್ಟಿಸುವುದನ್ನು, ನೆಚ್ಚಿಕೊಂಡ. ಜನ ಬೊಜ್ಜು ಕರಗಿಸಲು ತುಳಿಯಲಿ, ಸೈಕಲ್ಲು ಕರೆಂಟು ಹುಟ್ಟಿಸಲಿ, ಅದರಲ್ಲೇ ಜಿಮ್ಮು ನಡೆಯಲಿ ಎಂದ. ಕರೆಂಟು ಹುಟ್ಟಿತು, ಸುಳ್ಳಲ್ಲ. ಹತ್ತು ಜನ ಬೆವರಿಳಿಸಿ ತುಳಿದರೆ ಒಂದು ಕೆಟಲ್ ನೀರು ಕಾಯುತ್ತಿತ್ತು. ಅರ್ಧ ಮೆಲ್ಬರ್ನ್ ನಗರಕ್ಕೆ ದೀಪ ಹಚ್ಚಿದ್ದ ಮನುಷ್ಯ ಆ ಕೆಟಲ್ ಕಂಡಾಗಲೆಲ್ಲ ಮುಖ ತಿರುಗಿಸುತ್ತಿದ್ದ.

ಮರ್ವ್ ಏದುಸಿರು ಬಿಡುತ್ತ ಆರನೇ ಸೈಕಲ್ಲು ಹತ್ತಿದ. ಅವನ ಶ್ವಾಸಕೋಶ ಕೈಕೊಟ್ಟು ವರ್ಷವಾಗಿತ್ತು. ಇನ್ನು ಕೆಲವೇ ವಾರಗಳ ಮಾತು ಎಂದಿದ್ದರು ಡಾಕ್ಟರು. ಹೇಗೋ ನಾಲ್ಕು ಸುತ್ತು ತುಳಿದ. ಸೈಕಲ್ಲಿಗೆ ಜೋಡಿಸಿದ್ದ ಎದುರಿನ ಬಲ್ಬು ಮಿಣುಕಿತು.

"ಇಳಿಯೋ ಮಾರಾಯ, ಸತ್ತೋಗ್ತೀಯ! ನೊಲೀನ್, ನೀನಾದ್ರೂ ಹೇಳು."

ಬಾಗಿಲಲ್ಲಿ ನಿಂತಿದ್ದ ಮರ್ವ್‌ನ ಹೆಂಡತಿ ಡೌವೆಯನ್ನು ಪಕ್ಕಕ್ಕೆ ಕರೆದಳು. "ನಾನೇ ಕರ್ಕೊಂಡ್ ಬಂದೆ. ಸ್ಥಾವರದ ಕೊನೇ ದಿನ ಆರನೇ ಯಂತ್ರದ ಮುಂದೆ ಇವ್ನೇ ಇದ್ದಿದ್ದು. ಯಂತ್ರ ನಿಂತೋಯ್ತು, ಎಲ್ರೂ ಮನೆಗೆ ಹೋದ್ರು. ಇವ್ನು ಮಾತ್ರ ಕುರ್ಚಿ ಬಿಟ್ಟು ಏಳ್ಲಿಲ್ಲ. ಕಾವಲಿನವ್ರು ಬಂದು ಎಬ್ಬಿಸ್ಬೇಕಾಯ್ತು. ಈಗ್ಲೂ ನಿದ್ದೆಗಣ್ಣಲ್ಲಿ ಕೇಳ್ತಾನೆ, ಡೌವೆ ಬಂದ್ನಾ ಅಂತ."

ಡೌವೆ ತಲೆ ತಗ್ಗಿಸಿದ. ನಿಯಂತ್ರಣ ಕೊಠಡಿಯ ಕಟ್ಟುನಿಟ್ಟು ಅದು: ಮುಂದಿನ ಪಾಳಿಯವನು ಬಂದು, ಮೀಟರುಗಳನ್ನು ನೋಡಿ, ಇನ್ನು ನೀನು ಹೊರಡು ಎಂದು ಬಾಯಿಬಿಟ್ಟು ಹೇಳುವ ತನಕ ಕುರ್ಚಿಯವನು ಏಳುವಂತಿಲ್ಲ. ಇಪ್ಪತ್ತೇಳು ವರ್ಷ ಮರ್ವ್‌ನ ನಂತರದ ಪಾಳಿ ಡೌವೆಯದೇ. ಆ ದಿನ ಮುಂದಿನ ಪಾಳಿಯೇ ಇರಲಿಲ್ಲ. ಡೌವೆ ಮನೆಯಲ್ಲಿ ಪರದೆ ಎಳೆದುಕೊಂಡು ಬಿಯರು ಕುಡಿಯುತ್ತ ಬಿದ್ದಿದ್ದ. ಹೋಗಿ ಒಂದು ಮಾತು ಹೇಳಿಬರಲು ಹತ್ತು ನಿಮಿಷ ಸಾಕಿತ್ತು, ಹೋಗಲಿಲ್ಲ. ಈಗ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಏಳನೇ ಸೈಕಲ್ಲಿನ ತಂತಿಯನ್ನು ಅದೇ ಬಲ್ಬಿಗೆ ಜೋಡಿಸಿ, ಹತ್ತಿ ತುಳಿಯತೊಡಗಿದ. ಬೆಳಕು ತುಂಬಿಕೊಂಡಿತು.

"ಏನಾದ್ರೂ ತೊಂದ್ರೆ ಇತ್ತೇನೋ?" ಹಿಂದೆ ದಿನಾ ಕೇಳುತ್ತಿದ್ದಂತೆಯೇ ಕೇಳಿದ.

"ಏನಿಲ್ಲ. ನೀನು ಲೇಟಾಗಿ ಬಂದಿದ್ದೀಯ, ಅಷ್ಟೆ."

"ಹೌದು ಕಣೋ, ತುಂಬಾ ಲೇಟಾಯ್ತು. ಇನ್ನು ನಾನ್ ನೋಡ್ಕೋತೀನಿ. ನೀನು ಹೊರಡು."

ಮರ್ವ್ ಕಾಲು ನಿಲ್ಲಿಸಿದ. ಬಲ್ಬು ಆರಲಿಲ್ಲ. ಅದನ್ನೇ ಒಂದಷ್ಟು ಹೊತ್ತು ನೋಡಿ, ಕೆಳಗಿಳಿದು, ನೊಲೀನಳ ಭುಜ ಹಿಡಿದು ಹೊರಟ. ತಿರುಗಿ ನೋಡಲಿಲ್ಲ.

ಲಾರಿಯವನು ಬಂದಾಗ ಡೌವೆ ಇನ್ನೂ ತುಳಿಯುತ್ತಿದ್ದ. ಅಂಗಿ ಬೆನ್ನಿಗೆ ಅಂಟಿತ್ತು.

"ಇಳೀರಿ ಯಜಮಾನ್ರೇ, ಇವೆರಡನ್ನೂ ಹೇರ್ಬೇಕು."

"ತಡಿಯಪ್ಪ," ಎಂದ ಡೌವೆ, ಬಲ್ಬಿನಿಂದ ಕಣ್ಣು ಕೀಳದೆ. "ಮುಂದಿನ ಪಾಳಿಯವ್ನು ಇನ್ನೂ ಬಂದಿಲ್ಲ."