ಎದುರು ಪಕ್ಷದ ಸಾಕ್ಷಿ

ಮೇಷ್ಟ್ರ ಕೆಲಸದಲ್ಲಿ ನನಗೆ ಸೇರದ್ದು ಒಂದೇ... ಚುನಾವಣಾ ಡ್ಯೂಟಿ. ಆದರೆ ಆ ಸಲದ ಡ್ಯೂಟಿಯನ್ನು ಮಾತ್ರ ಸಾಯುವವರೆಗೂ ಮರೆಯಲಾರೆ.

ಗದಗ ಕಡೆಯ ಒಂದು ಪಟ್ಟಣ ಪಂಚಾಯಿತಿ ಚುನಾವಣೆ. ಚಿಕ್ಕ ವಾರ್ಡ್... ಹಿಂದಿನ ಸಲ ಬರೀ ಮೂರು ವೋಟಿನಲ್ಲಿ ಸೋಲು-ಗೆಲುವು ತೀರ್ಮಾನವಾಗಿತ್ತಂತೆ.

ಮಧ್ಯಾಹ್ನ ಒಬ್ಬ ಅಜ್ಜಿ ಕೋಲೂರಿಕೊಂಡು ಬೂತಿನ ಬಾಗಿಲವರೆಗೆ ಬಂದವರು, ಒಳಗೆ ನೋಡಿ ಹಾಗೇ ಹಿಂದಕ್ಕೆ ತಿರುಗಿದರು!

“ಯಾಕವ್ವಾ? ಬರ್ರಿ ಒಳಗ” ಎಂದೆ.

“ಬ್ಯಾಡ್ರೀ ಸರ... ಅಲ್ಲಿ ಫಕ್ಕೀರಪ್ಪ ಕುಂತಾನ. ನನಗ ವೋಟ್ ಹಾಕಾಕ ಬಿಡಂಗಿಲ್ಲ ಅವ.”

ಫಕ್ಕೀರಪ್ಪ ಮತದಾರರ ಗುರುತು ಹೇಳಲು ಬೂತಿನಲ್ಲಿ ಕೂತ ಒಂದು ಪಕ್ಷದ ಏಜೆಂಟ್, ಅಜ್ಜಿಯ ಎದುರು ಮನೆಯವನು. ಅಜ್ಜಿ ಇನ್ನೊಂದು ಪಕ್ಷದ ಕಟ್ಟಾ ಅಭಿಮಾನಿ. ಹಿಂದಿನ ಚುನಾವಣೆಯಲ್ಲಿ ಇಬ್ಬರ ನಡುವೆ ಜೋರು ವಾದವಾಗಿ, ಐದು ವರ್ಷದಿಂದ ಮಾತಿಲ್ಲ, ಕತೆಯಿಲ್ಲ.

ಹೇಗೋ ಒಳಗೆ ಕರೆದೆ. ಗುರುತಿನ ಚೀಟಿ ನೋಡಿ ನನಗೇ ಅನುಮಾನ ಬಂತು. ಫೋಟೋದಲ್ಲಿ ದುಂಡು ಮುಖ, ಕಾಸಗಲ ಕುಂಕುಮ... ಎದುರಿಗೆ ಕಾಯಿಲೆಯಿಂದ ಸೊರಗಿದ, ಬರಿ ಹಣೆಯ ಅಜ್ಜಿ.

ಅವರದೇ ಪಕ್ಷದ ಏಜೆಂಟ್ ಊಟಕ್ಕೆ ಹೋದವನು ಪತ್ತೆಯಿಲ್ಲ! ಉಳಿದದ್ದು ಫಕ್ಕೀರಪ್ಪ ಒಬ್ಬನೇ...

“ಇವರು ನಿಮಗೆ ಗೊತ್ತೇನ್ರೀ?” ಎಂದು ಅವನನ್ನೇ ಕೇಳಿದೆ.

‘ಗೊತ್ತಿಲ್ಲ’ ಎಂದಿದ್ದರೆ ಎದುರಾಳಿಗೆ ಒಂದು ವೋಟು ಖೋತಾ. ಅಜ್ಜಿ ಆಗಲೇ ಬಾಗಿಲ ಕಡೆ ತಿರುಗಿದ್ದರು.

ಫಕ್ಕೀರಪ್ಪ ಎದ್ದು ನಿಂತ.

“ಸರ, ಈಕಿ ನಮ್ಮ ತಿಪ್ಪವ್ವ ರೀ. ಈಕಿ ವೋಟ್ ನಮಗ ಬೀಳೂದಿಲ್ಲ ಅಂತ ಇಡೀ ಓಣಿಗೇ ಗೊತ್ತೈತಿ... ಹಂಗಂತ ಈಕಿ ತಿಪ್ಪವ್ವನ ಅಲ್ಲ ಅನ್ನಾಕ ಬರ್ತೈತೇನ್ರೀ?”

ಬೂತಿನೊಳಗೆ ಹಾಗೆಲ್ಲ ಮಾತನಾಡಬಾರದು ಎಂದು ನಾನು ಗದರಬೇಕಿತ್ತು... ಗದರದೆ, ಪಟ್ಟಿಯಲ್ಲಿ ಅಜ್ಜಿಯ ಹೆಸರಿಗೆ ಗುರುತು ಹಾಕಿದೆ.

ಬೆರಳಿಗೆ ಶಾಯಿ ಹಚ್ಚಿಸಿಕೊಂಡು, ವೋಟು ಹಾಕಿ ಬಂದ ಅಜ್ಜಿ ನೇರ ಅವನ ಮುಂದೆ ನಿಂತರು.

“ಉಂಡಿಯೇನೋ ಫಕ್ಕೀರಾ?”

ಐದು ವರ್ಷದ ನಂತರದ ಮೊದಲ ಮಾತು...

“ಇಲ್ಲ ಬೇ ದೊಡ್ಡವ್ವಾ” ಎಂದವನ ಕಣ್ಣು ತುಂಬಿ ಬಂತು.

“ಸಂಜಿಗೆ ಮನಿಗೆ ಬಾ, ರೊಟ್ಟಿ ಮಾಡಿರ್ತೀನಿ. ಆದ್ರ ನಿಮ್ಮ ಪಕ್ಷದ ಸುದ್ದಿ ತಗದಿ ಅಂದ್ರ ನಾನೂ ಸುಮ್ನ ಬಿಡಂಗಿಲ್ಲ ಮತ್ತ!”

“ಬಿಡಬ್ಯಾಡ ಬೇ... ಬೈಯಾಕರ ನೀ ಬಾಯಿ ಬಿಟ್ಟೆಲ್ಲ, ಅಷ್ಟ ಸಾಕು.”

ಸಾಲಿನಲ್ಲಿ ನಿಂತವರೆಲ್ಲ ನಕ್ಕುಬಿಟ್ಟರು. ಎಲ್ಲಿ ಗಲಾಟೆಯಾಗುತ್ತದೋ ಎಂದು ಬೆಳಗಿನಿಂದ ಹೆದರಿ ಕೂತಿದ್ದ ನನ್ನ ಮನಸ್ಸೂ ಹಗುರವಾಯಿತು.

ಯಾರು ಗೆದ್ದರು ಅಂತೀರಾ? ನಿಜ ಹೇಳಬೇಕೆಂದರೆ, ನಾನು ವಿಚಾರಿಸಲೇ ಇಲ್ಲ...

*ವೋಟು ಬೇರೆಯಾದ ಮಾತ್ರಕ್ಕೆ ನಮ್ಮವರು ನಮ್ಮವರಲ್ಲದೆ ಹೋಗುವುದಿಲ್ಲ.*

ರಾಜಕೀಯಕ್ಕಾಗಿ ನೀವು ಮಾತು ಬಿಟ್ಟಿರುವ ಆ ಒಬ್ಬರಿಗೆ, ಇವತ್ತು “ಊಟ ಆಯ್ತಾ?” ಎಂದು ಕೇಳುತ್ತೀರಾ?