ಪಕ್ಕದ ಕೋಣೆಯ ಮಕ್ಕಳು

ಕಾಫಿ ತೋಟದ ಕೂಲಿಗೆ ಬಂದ ಅಸ್ಸಾಮಿನವರ ಆರೂ ಮಕ್ಕಳನ್ನು ತಮ್ಮ ಕ್ಲಾಸಿನಿಂದ ಎಬ್ಬಿಸಿ, ಬೆನ್ನಿಗೆ ಚೀಲ ಹೊರಿಸಿ, ಸರ್ವಮಂಗಳಾ ಟೀಚರ್ ಪಕ್ಕದ ಕೋಣೆಯ ಬಾಗಿಲಿಗೆ ತಂದು ನಿಲ್ಲಿಸಿದರು.

"ಕುಸುಮಾ, ಇವತ್ತೊಂದಿನ ಇವ್ರನ್ನ ನಿನ್ ಕ್ಲಾಸಲ್ಲಿ ಕೂರಿಸ್ಕೊ. ನನ್ ರೂಮಲ್ಲಿ ಜಾಗ ಸಾಲಲ್ಲ."

"ಬರ್ಲಿ ಬಿಡಿ ಅಕ್ಕ. ನಮ್ದು ಹೆಂಗಿದ್ರೂ ಸಂತೇನೆ," ಎಂದು ಕುಸುಮಾ ನಕ್ಕಳು.

ಆ ನಗುವೇ ಸರ್ವಮಂಗಳಾರಿಗೆ ಆಗದು. ಕೊಡಗಿನ ಸುಂಟಿಕೊಪ್ಪದಾಚೆಯ ಆ ಸರ್ಕಾರಿ ಶಾಲೆಯಲ್ಲಿ ತಲೆ ನರೆಯುವವರೆಗೆ ಅಕ್ಷರ ತಿದ್ದಿಸಿದವರು ಅವರು. ಕುಸುಮಾ ಮೊನ್ನೆ ಮೊನ್ನೆ ಬಂದವಳು. ಆದರೂ ತೋಟದ ಲೈನುಮನೆಗಳ ಕೂಲಿ ಹೆಂಗಸರು ತಮ್ಮ ಮಕ್ಕಳಿಗೆ ಬಂದು ಕೇಳುವುದು ಕುಸುಮಾ ಟೀಚರ್ ಕ್ಲಾಸನ್ನೇ. ಮಕ್ಕಳು ಸೀಬೆಹಣ್ಣು ಕಿತ್ತು ತಂದರೆ ಇಡುವುದು ಅವಳ ಮೇಜಿನ ಮೇಲೇ. ಹೊಟ್ಟೆಕಿಚ್ಚು ನೆಂಟನ ಹಾಗೆ ಬಂದು ಹೋಗುವ ಪೈಕಿಯಲ್ಲ, ಒಮ್ಮೆ ಒಳಗೆ ಬಂದರೆ ಚಾಪೆ ಹಾಸಿಕೊಂಡು ಮಲಗಿಯೇ ಬಿಡುತ್ತದೆ.

ಇವತ್ತು ಆ ಕಿಚ್ಚಿಗೆ ತುಪ್ಪವೂ ಬಿದ್ದಿತ್ತು. ವರ್ಷಗಟ್ಟಲೆ ಯುದ್ಧ ನಡೆದು ಶಾಲೆಗಳೆಲ್ಲ ಮಣ್ಣುಪಾಲಾದ ಒಂದು ದೇಶ ಈಗ ಒಂದನೇ ಕ್ಲಾಸಿನಿಂದ ಮತ್ತೆ ಎಲ್ಲವನ್ನೂ ಕಟ್ಟಲು ಹೊರಟಿತ್ತು. ಅಲ್ಲಿನ ಹೊಸ ಶಿಕ್ಷಕರನ್ನು ತಯಾರು ಮಾಡಲು ಇಲ್ಲಿಂದ ಒಬ್ಬ ಟೀಚರನ್ನು ಆರು ತಿಂಗಳು ಕರೆದೊಯ್ಯುತ್ತಾರಂತೆ. ಆರಿಸುವುದಕ್ಕೆ ಆ ದೇಶದ ಶಿಕ್ಷಣ ಇಲಾಖೆಯ ಮರ್ಯಮ್ ಎಂಬಾಕೆಯೇ ಬರುತ್ತಿದ್ದರು. ಇಬ್ಬರು ಟೀಚರುಗಳಲ್ಲಿ ಒಬ್ಬರಿಗೆ ವಿಮಾನ, ಇನ್ನೊಬ್ಬರಿಗೆ ಇದೇ ಹೆಂಚಿನ ಸೂರು. ನಿವೃತ್ತಿಗೆ ಮುಂಚೆ ಇಂಥದ್ದು ಇನ್ನೊಮ್ಮೆ ಬರುವುದಿಲ್ಲವೆಂದು ಸರ್ವಮಂಗಳಾರಿಗೆ ಗೊತ್ತಿತ್ತು.

ಅದಕ್ಕೇ ತಪಾಸಣೆಯ ದಿನ ಮಾಡುತ್ತಿದ್ದ ಶಾಸ್ತ್ರವನ್ನೆಲ್ಲ ಅವರು ಚಾಚೂತಪ್ಪದೆ ಮಾಡಿದ್ದರು. ಗೋಡೆಗೆ ಬಣ್ಣ, ಮುಂದಿನ ಸಾಲಿಗೆ ಚುರುಕು ಮಕ್ಕಳು. ಕನ್ನಡ ಬಾರದವರನ್ನು ಕಣ್ಣಿಗೆ ಬೀಳದ ಹಾಗೆ ಸಾಗಹಾಕುವುದೂ ಆ ಶಾಸ್ತ್ರದಲ್ಲಿ ಸೇರಿತ್ತು. ತಮ್ಮ ಮನೆಯ ಕಸ ಗುಡಿಸಿದಂತೆಯೂ ಆಯಿತು, ಕುಸುಮಾಳ ಅಂಗಳಕ್ಕೆ ಚೆಲ್ಲಿದಂತೆಯೂ ಆಯಿತು.

ಮರ್ಯಮ್ ಮೊದಲು ಬಂದದ್ದು ಸರ್ವಮಂಗಳಾರ ಕೋಣೆಗೇ. ಮಕ್ಕಳು ಮಗ್ಗಿ ಹೇಳಿದರು, ಪದ್ಯ ಹಾಡಿದರು, ಒಬ್ಬರೂ ತಡವರಿಸಲಿಲ್ಲ. ಅತಿಥಿಯ ಇಂಗ್ಲಿಷಿನ ಧಾಟಿ ಬೇರೆಯಾದ್ದರಿಂದ ಜೊತೆಗೆ ಬಂದಿದ್ದ ಇಲ್ಲಿನ ಶಿಕ್ಷಣ ಇಲಾಖೆಯ ಚಿದಾನಂದರು ಅದನ್ನು ಕನ್ನಡದಲ್ಲಿ ಹೇಳುತ್ತಿದ್ದರು.

"ನಿಮ್ ಕ್ಲಾಸಲ್ಲಿ ಕನ್ನಡ ಬರ್ದೇ ಇರೋ ಮಕ್ಳು ಎಷ್ಟು ಅಂತ ಕೇಳ್ತಿದಾರೆ."

"ಒಬ್ರೂ ಇಲ್ಲ ಅಂತ ಹೇಳಿ ಸಾರ್."

ಚಿದಾನಂದರು ಒಂದು ಕ್ಷಣ ಅವರನ್ನೇ ನೋಡಿ ಹಾಗೇ ಹೇಳಿದರು. ಮರ್ಯಮ್ ನಿಟ್ಟುಸಿರು ಬಿಟ್ಟು ಏನೋ ಅಂದರು.

"ನಿಮ್ಮನ್ನ ನೋಡಿದ್ರೆ ಹೊಟ್ಟೆಕಿಚ್ಚಾಗುತ್ತಂತೆ ಟೀಚರ್."

ಸರ್ವಮಂಗಳಾರ ಮುಖ ಅರಳಿತು. ತಮ್ಮನ್ನು ಕಂಡು ಹೊಟ್ಟೆಕಿಚ್ಚುಪಡುವವರೂ ಇದ್ದಾರೆ ಎಂಬುದು ಅವರಿಗೆ ಹೊಸ ಸುದ್ದಿ.

"ಅವ್ರಲ್ಲಿ ಇಂಥ ಕ್ಲಾಸು ಒಂದೂ ಇಲ್ವಂತೆ," ಚಿದಾನಂದರು ಮುಂದುವರಿಸಿದರು. "ಯುದ್ಧದಲ್ಲಿ ದಿಕ್ಕಾಪಾಲಾಗಿ ಓಡ್ಹೋದೋರ ಮಕ್ಳು ಈಗ ವಾಪಸ್ ಬರ್ತಿದಾವಂತೆ. ಒಂದ್ ರೂಮಿಗೆ ನಾಲ್ಕು ಭಾಷೆ. ಅಂಥ ಮಕ್ಳಿಗೆ ಹೆಂಗೆ ಕಲಿಸ್ತೀರ ಅಂತ ನೋಡೋಕೇ ಇಷ್ಟು ದೂರ ಬಂದಿದ್ದಂತೆ. ನಿಮಗೆ ಆ ಕಷ್ಟ ಇಲ್ವಲ್ಲ, ಪಕ್ಕದ ರೂಮಿಗೆ ಹೋಗೋಣ ಅಂತಿದಾರೆ."

"ಅಯ್ಯೋ, ಮೊದ್ಲೇ ಹೇಳ್ಬಾರ್ದಿತ್ತಾ ಸಾರ್?"

"ಫೋನಲ್ಲಿ ಹೇಳಿದ್ನಲ್ಲ. ನೀವು ಬಣ್ಣದ ಡಬ್ಬದ ವಿಚಾರ ಮಾತಾಡ್ತಿದ್ರಿ."

ಅವರಿಬ್ಬರೂ ಪಕ್ಕದ ಕೋಣೆಗೆ ಹೋದ ಮೇಲೆ ಜಗಲಿಯ ಕಡೆಯ ಕಿಟಕಿಯಿಂದ ಸರ್ವಮಂಗಳಾರಿಗೆ ಎಲ್ಲ ಕಾಣುತ್ತಿತ್ತು. ಮರ್ಯಮ್ ನೆಲದ ಮೇಲೆ ಮಕ್ಕಳ ನಡುವೆ ಕೂತುಬಿಟ್ಟಿದ್ದರು. ಅಸ್ಸಾಮಿನ ಮಾಮೊನಿ ಒಂದು ಕೆಂಪು ಕಾಫಿ ಹಣ್ಣು ಎತ್ತಿ ಹಿಡಿದು ತನ್ನ ಭಾಷೆಯಲ್ಲಿ ಏನೋ ಅಂದಳು. ಮಲಯಾಳದ ಹುಡುಗ ತನ್ನದರಲ್ಲಿ ಕೂಗಿದ, ಎರವ ಬುಡಕಟ್ಟಿನ ಹುಡುಗಿ ತನ್ನದರಲ್ಲಿ, ಕೊನೆಗೆ ಇಡೀ ಕ್ಲಾಸು ಸೇರಿ "ಹಣ್ಣು" ಎಂದು ಕಿರುಚಿತು. ಕುಸುಮಾ ಬರೀ ಸೀಮೆಸುಣ್ಣ ಹಿಡಿದು ನಗುತ್ತಾ ನಿಂತಿದ್ದಳು. ಮರ್ಯಮ್ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಸರ್ವಮಂಗಳಾರ ಮೈಯೆಲ್ಲ ಉರಿಯಿತು. ಅವು ನನ್ನ ಮಕ್ಕಳು! ಆ ಮಾಮೊನಿಯ ಕೈ ಹಿಡಿದು ಜೂನ್ ತಿಂಗಳಿಂದ 'ಅ' ತಿದ್ದಿಸಿದವಳು ನಾನು, ಅತ್ತಾಗ ಮೂಗು ಒರೆಸಿದವಳು ನಾನು. ಓಡಿಹೋಗಿ ಕೂಗಿ ಹೇಳಬೇಕೆನಿಸಿತು. ಆದರೆ ಒಬ್ಬರೂ ಇಲ್ಲ ಎಂದ ಬಾಯಲ್ಲಿ ಈಗ ಆರು ಮಕ್ಕಳು ಎಲ್ಲಿಂದ ಹುಟ್ಟಬೇಕು? ತಮ್ಮ ತಲೆಯ ಮೇಲೆ ತಾವೇ ಚಪ್ಪಡಿ ಎಳೆದುಕೊಂಡಾಗಿತ್ತು.

ಊಟದ ಗಂಟೆ ಹೊಡೆಯಿತು. ಮರ್ಯಮ್ ಹೊರಗೆ ಬಂದು ಜಗಲಿಯ ಅಂಚಿನಲ್ಲಿ ಕೂತು ಶೂ ಹಾಕಿಕೊಳ್ಳತೊಡಗಿದರು. "ಕುಸುಮಾ ಟೀಚರಿಗೆ ಪಾಸ್‌ಪೋರ್ಟ್ ಇದ್ಯಾ ಅಂತ ಕೇಳ್ತಿದಾರೆ," ಎಂದರು ಚಿದಾನಂದರು. ಸರ್ವಮಂಗಳಾ ತಮ್ಮ ಕೋಣೆಯ ಬಾಗಿಲಿಗೆ ಒರಗಿ ನಿಂತರು.

ಆಗ ಮಾಮೊನಿ ಓಡಿ ಬಂದಳು, ಹಿಂದೆ ಉಳಿದ ಐವರು. ಎಲ್ಲರ ಬೆನ್ನ ಮೇಲೂ ಚೀಲ. ಇಷ್ಟು ದಿನ ಎರಡು ಕನ್ನಡ ಮಾತನ್ನು ಜೋಡಿಸಿ ಆಡದ ಹುಡುಗಿ ಸರ್ವಮಂಗಳಾರ ಸೆರಗು ಹಿಡಿದು, ಸ್ಪಷ್ಟವಾಗಿ ಕೇಳಿದಳು.

"ಟೀಚರ್, ಈಗ ನಾವು ಒಳಗೆ ಬರ್ಬೋದಾ?"

ಮರ್ಯಮ್ ಶೂ ಲೇಸು ಹಿಡಿದವರು ಹಾಗೇ ತಲೆ ಎತ್ತಿ ಏನೋ ಕೇಳಿದರು. ಚಿದಾನಂದರು ಸರ್ವಮಂಗಳಾರ ಮುಖ ನೋಡಿದರು.

"ಆ ಮಗು ಏನಂತು ಅಂತ ಕೇಳ್ತಿದಾರೆ. ಏನಂತ ಹೇಳ್ಲಿ ಟೀಚರ್?"