ಬಲಕ್ಕೆ ಎಳೆಯುವ ಗಾಲಿಮನೆ

ಪೆಟ್ರೋಲ್ ಬಂಕಿನ ಹಳದಿ ಕಂಬಕ್ಕೆ ಗಾಲಿಮನೆಯ ಬಲಪಕ್ಕೆ ಉದ್ದಕ್ಕೂ ಉಜ್ಜಿಕೊಂಡು ಹೋಯಿತು. ಪಕ್ಕದಲ್ಲಿ ಡೀಸೆಲ್ ತುಂಬಿಸುತ್ತಿದ್ದ ಲಾರಿಯವನು ನಗು ತಡೆಯದೆ ಹೇಳಿದ, "ಯಜಮಾನ್ರೇ, ಆ ಕಂಬ ಇವತ್ತು ಬೆಳಿಗ್ಗೆ ನೆಟ್ಟಿದ್ದಲ್ಲ."

ರಾಯ್ಸ್ ಪಿಕಪ್ಪಿನಿಂದ ಇಳಿದು ಕಂಬವನ್ನೇ ದುರುಗುಟ್ಟಿ ನೋಡಿದ. ಒಹಾಯೊದಲ್ಲಿ ಆಯುಸ್ಸೆಲ್ಲಾ ಶಾಲೆಯ ಬಸ್ಸು ಓಡಿಸಿ, ಅದಕ್ಕೊಂದು ಗೀರು ಬೀಳಿಸದೆ ನಿವೃತ್ತನಾದ ಮನುಷ್ಯ ಅವನು. ಇದ್ದ ಮನೆಯನ್ನು ಹೋದ ತಿಂಗಳು ಮಾರಿ ಈ ಗಾಲಿಮನೆ ಕೊಂಡು, ಅದನ್ನು ಪಿಕಪ್ಪಿನ ಹಿಂದೆ ಕಟ್ಟಿಕೊಂಡು ಹೆಂಡತಿ ವೆಲ್ಡಾಳ ಜೊತೆ ಒರೆಗಾನಿನ ಕಡಲತೀರಕ್ಕೆ ಹೊರಟಿದ್ದ. ಇಷ್ಟು ದಿನ ಎಲ್ಲ ಸರಿಯಾಗಿತ್ತು. ಇವತ್ತು ಮಾತ್ರ ಬೆಳಿಗ್ಗೆ ಎದ್ದ ಗಳಿಗೆಯೇ ಸರಿಯಿರಲಿಲ್ಲ. ರಾತ್ರಿ ತಂಗಿದ್ದ ಬಿಡಾರದ ಗೇಟಿನಲ್ಲೇ ಯಾರದೋ ಅಂಚೆಪೆಟ್ಟಿಗೆಯನ್ನು ಮಲಗಿಸಿಯಾಗಿತ್ತು. ಆಮೇಲೆ ರಸ್ತೆಯಂಚಿಗೆ ಚಕ್ರ ಇಳಿದು ಟೈರು ಹರಿದಿತ್ತು. ಈಗ ಈ ಕಂಬ.

"ಗಾಡಿ ಬಲಕ್ಕೆ ಎಳೀತಿದೆ ಕಣೆ," ಎಂದ. "ಭಾರ ಎಲ್ಲಾ ಬಲಗಡೇನೇ ತುಂಬಿದ್ದೀಯ."

"ಟೈರು ಹೋದಾಗ್ಲೂ ಇದನ್ನೇ ಹೇಳ್ದೆ. ಆಗ್ಲೇ ಅರ್ಧ ಎಡಕ್ಕೆ ಇಟ್ಟೆನಲ್ಲ?"

"ಸಾಲ್ದು. ಇನ್ನೂ ಇಡು."

ಗಾಲಿಮನೆ ಎಳೆಯುವವರಿಗೆಲ್ಲ ಈ ಭಾರದ ಹುಚ್ಚು ಇದ್ದದ್ದೇ. ಒಂದು ಬಾಣಲೆ ಆಚೀಚೆಯಾದರೂ ಗಾಡಿ ವಾಲುತ್ತದೆಂಬ ನಂಬಿಕೆ. ವೆಲ್ಡಾ ಒಳಗೆ ಹೋಗಿ ಪೀಚ್ ಹಣ್ಣಿನ ಡಬ್ಬಿ, ಕಬ್ಬಿಣದ ಬಾಣಲೆ, ಕೌದಿಯ ಗಂಟುಗಳನ್ನು ಬಲದ ಕಪಾಟಿನಿಂದ ಎಡದ ಕಪಾಟಿಗೆ ಹೊತ್ತಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಗೊಣಗಿಕೊಂಡಳೇನೋ ನಿಜ. ಆದರೆ ಕುಣಿಯಲು ಬಾರದವನಲ್ಲ ಅವಳ ಗಂಡ. ಅದೇ ಅವಳ ಹೆದರಿಕೆಯಾಗಿತ್ತು.

ನೆಬ್ರಾಸ್ಕಾದ ರಸ್ತೆ ಗಾಳಿಗೆ ಬಟಾಬಯಲಾಗಿ ಬಿದ್ದಿತ್ತು. ರಾಯ್ಸ್ ಎಡಕ್ಕೆ ಸ್ಟಿಯರಿಂಗಿನಲ್ಲಿ, ವೆಲ್ಡಾ ಅವನ ಬಲಕ್ಕೆ. ಮತ್ತೆ ಮತ್ತೆ ಬಲಚಕ್ರ ರಸ್ತೆಯಂಚಿನಲ್ಲಿ ಎಚ್ಚರಿಕೆಗೆಂದು ಕೊರೆದ ಗೀರುಗಳ ಮೇಲೆ ಹತ್ತಿ ಇಡೀ ಗಾಡಿ ಗುರುಗುಟ್ಟುತ್ತಿತ್ತು. ಪ್ರತಿ ಸಲವೂ ಅವಳ ಕಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು.

"ಎಡಕ್ಕೆ, ರಾಯ್ಸ್, ಎಡಕ್ಕೆ."

"ಗೊತ್ತು, ಸುಮ್ನಿರು. ಊರ ಮಕ್ಕಳನ್ನೆಲ್ಲ ಹೊತ್ತು ತಿರುಗಿದೀನಿ, ನಿನ್ನೊಬ್ಬಳನ್ನ ಬೀಳಿಸ್ತೀನಾ?"

ಹಸಿದಿದ್ದಾನೇನೋ, ಅದಕ್ಕೇ ಹೀಗೆ ಎಂದುಕೊಂಡು ಅವಳು ಹಂದಿಮಾಂಸದ ಸ್ಯಾಂಡ್‌ವಿಚ್ ಬಿಚ್ಚಿ ಅವನತ್ತ ಚಾಚಿದಳು. ಅವನು ತೆಗೆದುಕೊಳ್ಳಲಿಲ್ಲ. "ತಗೋ" ಎಂದಳು. "ಏನು?" ಎಂದ. ಇನ್ನೂ ಎತ್ತಿ, ಹೆಚ್ಚೂಕಡಿಮೆ ಅವನ ಕೆನ್ನೆಯ ಹತ್ತಿರ ಹಿಡಿದಳು. ಅವನು ಮುಂದೆ ನೋಡುತ್ತಲೇ ಇದ್ದ. "ಏನು ತಗೋಬೇಕು, ಹೇಳೇ."

ಅಂಚೆಪೆಟ್ಟಿಗೆ ಬಲಕ್ಕಿತ್ತು. ಕಂಬ ಬಲಕ್ಕಿತ್ತು. ಹರಿದದ್ದೂ ಬಲದ ಟೈರೇ. ವೆಲ್ಡಾ ಸ್ಯಾಂಡ್‌ವಿಚ್ಚನ್ನು ಮಡಿಲಿಗೆ ಇಳಿಸಿದಳು. ಎದುರಿನಿಂದ ಲಾರಿಯ ಮೇಲೆ ಲಾರಿ ಬರುತ್ತಿತ್ತು. ಈಗ ಇವನನ್ನು ಗಾಬರಿಪಡಿಸಿದರೆ ಇಬ್ಬರೂ ಉಳಿಯುವುದಿಲ್ಲ.

"ರಾಯ್ಸ್, ಹೊಟ್ಟೆ ತೊಳಸ್ತಿದೆ. ನಿಧಾನಕ್ಕೆ ಪಕ್ಕಕ್ಕೆ ಹಾಕು. ನಾನು ಹೇಳಿದಷ್ಟೇ ತಿರುಗಿಸು."

ಗೊಣಗುತ್ತಲೇ ನಿಲ್ಲಿಸಿದ. ಎಂಜಿನ್ ಆರಿದ ಕೂಡಲೇ ಅವಳು ಕೀಲಿಯನ್ನು ಕಿತ್ತುಕೊಂಡಳು. ಅವನನ್ನು ಕೆಳಗಿಳಿಸಿ ಎದುರಿಗೆ ನಿಲ್ಲಿಸಿಕೊಂಡಳು.

"ನನ್ನ ಮೂಗೇ ನೋಡ್ತಾ ಇರು. ತಲೆ ತಿರುಗಿಸ್ಬೇಡ." ಅವನ ಬಲಕ್ಕೆ ಕೈ ಚಾಚಿ ಬೆರಳು ಆಡಿಸಿದಳು. "ಎಷ್ಟು ಬೆರಳು?"

"ಮೊದ್ಲು ಕೈ ಎತ್ತು," ಎಂದ ರಾಯ್ಸ್.

ಅವಳಿಗೆ ಅಳು ಬಂತು. ಅವಳ ಅಣ್ಣನಿಗೂ ಹೀಗೇ ಆಗಿತ್ತು, ತಲೆಯೊಳಗೆ ರಕ್ತ ಕಟ್ಟಿ. ಆಸ್ಪತ್ರೆಗೆ ಮುಟ್ಟಿಸುವಷ್ಟರಲ್ಲಿ ಹೊತ್ತು ಮೀರಿತ್ತು. ಫೋನು ತೆಗೆದಳು, ಸಿಗ್ನಲ್ ಇಲ್ಲ. ಕೈ ಅಡ್ಡ ಹಿಡಿದರೆ ಒಂದು ಲಾರಿಯೂ ನಿಲ್ಲಲಿಲ್ಲ. ರಸ್ತೆಬದಿಯ ಆಸ್ಪತ್ರೆಯ ಬೋರ್ಡು ಮುಂದಿನ ಊರನ್ನು ತೋರಿಸುತ್ತಿತ್ತು. ಈ ಗಾಳಿಯಲ್ಲಿ ಗಾಲಿಮನೆ ಎಳೆದುಕೊಂಡು ಓಡಿಸುವುದು ಅವಳ ಕೈಲಾಗದ ಕೆಲಸ. ಬರೀ ಪಿಕಪ್ಪಾದರೆ ಓಡಿಸಬಲ್ಲಳು. ಅವಳು ಹಿಂದಕ್ಕೆ ಹೋಗಿ ಸರಪಳಿ ಕಳಚಿದಳು, ದೀಪದ ತಂತಿ ಎಳೆದಳು, ಚಕ್ರಕ್ಕೆ ಕಲ್ಲು ಕೊಟ್ಟು, ಗಾಲಿಮನೆಯನ್ನು ಪಿಕಪ್ಪಿನ ಕೊಂಡಿಯಿಂದ ಬಿಡಿಸಲು ಜಾಕಿನ ಹಿಡಿ ತಿರುವತೊಡಗಿದಳು.

"ಮನೇನ ಬೀದೀಲಿ ಬಿಟ್ಟು ಹೋಗ್ತೀಯಾ?" ರಾಯ್ಸ್ ಕೇಳಿದ. "ಇದು ಬಿಟ್ರೆ ನಮಗೆ ಇನ್ನೇನಿದೆ?"

"ಹೋದ್ರೆ ಹೋಗ್ಲಿ ಮಾರಾಯಾ. ನೀನು ಹತ್ತು."

"ಭಾರ ಸರಿ ಮಾಡಿದ್ರೆ ಸಾಕಿತ್ತು ಕಣೆ..."

"ಹತ್ತು ಅಂದೆ."

ಅವನು ಬಾಗಿಲ ಹಿಡಿಯನ್ನು ತಡಕಾಡಿ, ಹೆಂಡತಿ ಕೂರುವ ಸೀಟಿನಲ್ಲಿ ಮೊದಲ ಸಲ ಕುಳಿತ. ವೆಲ್ಡಾ ಅವನಿಗೆ ಬೆಲ್ಟು ಬಿಗಿದು, ಆಚೆಯಿಂದ ಸುತ್ತಿ ಬಂದು ಸ್ಟಿಯರಿಂಗಿನ ಮುಂದೆ ಕುಳಿತಳು. ಪಿಕಪ್ಪು ಹಗುರಾಗಿ ಮುಂದಕ್ಕೆ ನೆಗೆಯಿತು. ಕನ್ನಡಿಯಲ್ಲಿ ಅವರ ಮನೆ ಬಯಲಿನ ಗಾಳಿಗೆ ಸಣ್ಣಗೆ ಅಲುಗಾಡುತ್ತ ಹಿಂದುಳಿಯಿತು. ಅವಳು ತಿರುಗಿ ನೋಡಲಿಲ್ಲ.

ರಾಯ್ಸ್ ಮಾತ್ರ, ಈಗ ತನ್ನ ಎಡಕ್ಕೆ ಕುಳಿತಿದ್ದ ಅವಳನ್ನು ಬಹಳ ಹೊತ್ತು ನೋಡಿದ. ಮುಖ ಸಡಿಲವಾಯಿತು, ಜಾತ್ರೆಯಲ್ಲಿ ಕಳೆದುಹೋದವರು ಸಿಕ್ಕ ಹಾಗೆ. ಅವಳ ತೋಳನ್ನು ಮೆಲ್ಲಗೆ ಮುಟ್ಟಿದ.

"ಬೆಳಿಗ್ಗೆಯಿಂದ," ಎಂದ, "ಎಲ್ಲಿಗೆ ಹೋಗಿದ್ದೆ ನೀನು?"